ಹಳೆಯ ಫ್ಲಾಪಿಗಳಿಂದ ಕಡತಗಳನ್ನು ಹೊರತೆಗೆಯಲು ಯುಎಸ್‌ಬಿ ಡ್ರೈವ್ ಸಾಕೇ, ಬೇರೆ ದಾರಿ ಹಿಡಿಯಬೇಕೇ?

ಹಳೆಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ತೀರಿಕೊಂಡ ನಮ್ಮ ಸೋದರಮಾವನವರು ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ಬಳಸುತ್ತಿದ್ದ ಫ್ಲಾಪಿಗಳ ಪೆಟ್ಟಿಗೆಯೊಂದು ನನ್ನ ಕೈಸೇರಿದೆ. ಅದರಲ್ಲಿ 5.25 ಇಂಚಿನವು, 3.5 ಇಂಚಿನವು ಎರಡೂ ಇವೆ. ಕೆಲವದರ ಮೇಲೆ ಆಪಲ್ 2 ಎಂದೂ ಕೆಲವದರ ಮೇಲೆ ಅಮಿಗಾ ಎಂದೂ ಬರೆದ ಚೀಟಿಗಳಿವೆ; ಎರಡೂ ಆ ಕಾಲದ ಮನೆ ಕಂಪ್ಯೂಟರುಗಳ ಹೆಸರು. ಉಳಿದವು ಪಿಸಿಯವೇ ಇರಬೇಕು. ಅವರು ಬರೆದು ಮುಗಿಸದೆ ಬಿಟ್ಟ ಒಂದು ಹಸ್ತಪ್ರತಿ ಇದರಲ್ಲೇ ಎಲ್ಲೋ ಇದೆ ಎಂದು ಮನೆಯವರು ಹೇಳುತ್ತಾರೆ.

3.5 ಇಂಚಿನ ಯುಎಸ್‌ಬಿ ಡ್ರೈವ್ ಒಂದನ್ನು ತರಿಸಿ ನೋಡಿದೆ. ಕೆಲವು ಫ್ಲಾಪಿಗಳು ನಿನ್ನೆ ಬರೆದಿಟ್ಟವೇನೋ ಎಂಬಂತೆ ತೆರೆದುಕೊಂಡವು. ಇನ್ನು ಕೆಲವನ್ನು ಹಾಕಿದ ಕೂಡಲೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳುತ್ತಿದೆ. ಇವು ಕೆಟ್ಟುಹೋಗಿವೆಯೇ, ಅಥವಾ ಈ ಡ್ರೈವಿಗೆ ಇವನ್ನು ಓದಲು ಬರುವುದಿಲ್ಲವೇ? 5.25 ಇಂಚಿನವಕ್ಕೆ ಏನು ಮಾಡಬೇಕು? ಮುಂದಿನ ಹೆಜ್ಜೆ ಇಡುವ ಮೊದಲು ಅನುಭವಿಗಳ ಮಾತು ಕೇಳೋಣ ಎಂದುಕೊಂಡೆ.

ಕಾಂತಸೂಜಿ:
ಕೇಳಿ ಒಳ್ಳೆಯದು ಮಾಡಿದಿರಿ. ಆ ಪ್ರಶ್ನೆಗೆ ಯಾವ ಕಾರಣಕ್ಕೂ ‘ಹೌದು’ ಎನ್ನಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಂಪ್ಯೂಟರ್ ಹಾಗೆ ಕೇಳಿದ ಮಾತ್ರಕ್ಕೆ ಫ್ಲಾಪಿ ಖಾಲಿ ಎಂದಾಗಲಿ ಕೆಟ್ಟಿದೆ ಎಂದಾಗಲಿ ಅರ್ಥವಲ್ಲ. ತನಗೆ ಪರಿಚಯವಿರುವ ವ್ಯವಸ್ಥೆ ಅದರಲ್ಲಿ ಕಾಣಲಿಲ್ಲ ಎಂದಷ್ಟೇ ಅದು ಹೇಳುತ್ತಿದೆ.

ಇನ್ನೊಂದು ಫ್ಲಾಪಿಯನ್ನು ಡ್ರೈವಿಗೆ ಹಾಕುವ ಮೊದಲು ಎಲ್ಲಕ್ಕೂ ಬರಹ ತಡೆ ಹಾಕಿ. 3.5 ಇಂಚಿನದರಲ್ಲಿ ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಮಾಡಬೇಕು. 5.25 ಇಂಚಿನದರಲ್ಲಿ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚಬೇಕು. ಮುಚ್ಚುವಾಗ ಪಾರದರ್ಶಕ ಟೇಪ್ ಹಚ್ಚಬೇಡಿ, ಏಕೆಂದರೆ ಅನೇಕ ಡ್ರೈವುಗಳು ಆ ಕಚ್ಚನ್ನು ಬೆಳಕಿನಿಂದಲೇ ಗುರುತಿಸುತ್ತವೆ. ಓದುವುದಷ್ಟೇ ತಾನೇ, ತಡೆ ಏಕೆ ಎನ್ನಬಹುದು. ವಿಂಡೋಸ್ 95 ಬರಹ ತಡೆಯಿಲ್ಲದ ಫ್ಲಾಪಿಯನ್ನು ಬರಿದೇ ತೆರೆದು ನೋಡಿದರೂ ಅದರ ಬೂಟ್ ಸೆಕ್ಟರಿನಲ್ಲಿ, ಅಂದರೆ ಫ್ಲಾಪಿಯ ಮೊತ್ತಮೊದಲ ತುಂಡಿನಲ್ಲಿ, ತನ್ನದೊಂದು ಗುರುತನ್ನು ಬರೆದುಬಿಡುತ್ತಿತ್ತು. ತಂತ್ರಾಂಶದ ಸಭ್ಯತೆಯನ್ನು ನಂಬಿ ಕೂರುವ ವಿಷಯ ಇದಲ್ಲ.

ಎಂಟಿಂಚು:
ಪೆಟ್ಟಿಗೆಯ ತಳದಲ್ಲಿ 8 ಇಂಚಿನದು ಸಿಕ್ಕೀತು, ಜೋಕೆ. ಅದರಲ್ಲಿ ನಿಯಮ ತಿರುಗುಮುರುಗಾಗಿದ್ದು, ಕಚ್ಚು ತೆರೆದಿದ್ದರೆ ಬರೆಯಲು ಬರುವುದಿಲ್ಲ, ಮುಚ್ಚಿದರೆ ಬರುತ್ತದೆ.

ಸರಳವಾದಿ:
ಇಷ್ಟೊಂದು ಹೆದರಿಸುವ ಅಗತ್ಯವಿದೆಯೇ? ತೆರೆದುಕೊಂಡ ಫ್ಲಾಪಿಗಳಿಂದ ಕಡತಗಳನ್ನು ನಕಲು ಮಾಡಿಕೊಳ್ಳಲಿ, ತೆರೆಯದವನ್ನು ಪಕ್ಕಕ್ಕಿಡಲಿ. ನೂರಕ್ಕೆ ತೊಂಬತ್ತು ಮಂದಿಗೆ ಬೇಕಾಗುವುದು ನಾಲ್ಕು ಪತ್ರ, ಎರಡು ಚಿತ್ರ. ಅದಕ್ಕಾಗಿ ಪ್ರಯೋಗಾಲಯ ಕಟ್ಟಬೇಕಾಗಿಲ್ಲ.

ಕಾಂತಸೂಜಿ:
ಸರಳವಾದಿಯವರೇ, ಪಕ್ಕಕ್ಕಿಡುವ ಆ ಗುಂಪಿನಲ್ಲೇ ಹಸ್ತಪ್ರತಿ ಇದ್ದರೆ? ಯುಎಸ್‌ಬಿ ಡ್ರೈವಿನ ಮಿತಿಯೇನೆಂದು ಮೊದಲು ತಿಳಿಯಬೇಕು. ಅದರೊಳಗಿನ ಚಿಪ್ ನಮಗೂ ಡಿಸ್ಕನ್ನು ಓದುವ ಹೆಡ್ಡಿಗೂ ನಡುವೆ ಅಡ್ಡ ನಿಂತಿರುತ್ತದೆ. 1.44 ಎಂಬಿ ಮತ್ತು 720 ಕೆಬಿಯ ಪಿಸಿ ಫ್ಲಾಪಿಗಳ ಸೆಕ್ಟರುಗಳನ್ನು, ಅಂದರೆ ಬರಹದ ನಿಗದಿತ ಗಾತ್ರದ ತುಂಡುಗಳನ್ನು, ಅದು ಓದಿಕೊಡುತ್ತದೆ. ಅದರಾಚೆ ಏನಿದ್ದರೂ ‘ಓದಲಾಗದು’ ಎಂಬ ಒಂದೇ ಉತ್ತರ. ಅಮಿಗಾದ 880 ಕೆಬಿ ಫ್ಲಾಪಿಯೂ ಪಿಸಿಯದರಂತೆ ಎಂಎಫ್‌ಎಂ ಎಂಬ ಸಂಕೇತ ವಿಧಾನದಲ್ಲೇ ಬರೆದದ್ದು. ಆದರೆ ಅಲ್ಲಿ ಒಂದು ಟ್ರ್ಯಾಕಿನ (ಡಿಸ್ಕಿನ ಮೇಲಿನ ಒಂದು ವೃತ್ತದ) 11 ಸೆಕ್ಟರುಗಳನ್ನು ಪಿಸಿ ಕಂಟ್ರೋಲರಿಗೆ ಗುರುತು ಸಿಗದ ರೀತಿಯಲ್ಲಿ ಒತ್ತೊತ್ತಾಗಿ ಜೋಡಿಸಿರುತ್ತಾರೆ. ಮ್ಯಾಕಿಂಟಾಷಿನ ಹಳೆಯ 400 ಮತ್ತು 800 ಕೆಬಿ ಫ್ಲಾಪಿಗಳಲ್ಲಿ ಬರೆಯುವ ವಿಧಾನವೇ ಬೇರೆ, ಡಿಸ್ಕ್ ತಿರುಗುವ ವೇಗವೂ ಟ್ರ್ಯಾಕಿಗೆ ತಕ್ಕಂತೆ ಬದಲಾಗುತ್ತದೆ. ಈ ಮೂರೂ ಹೊರನೋಟಕ್ಕೆ ಒಂದೇ 3.5 ಇಂಚಿನ ಚೌಕ. ಹಳೆಪೆಟ್ಟಿಗೆಯವರ ‘ಕೆಟ್ಟ’ ಫ್ಲಾಪಿಗಳಲ್ಲಿ ಎಷ್ಟೋ ಕೆಟ್ಟೇ ಇರಲಿಕ್ಕಿಲ್ಲ.

ಫ್ಲಕ್ಸ್‌ಪ್ರಿಯ:
ಇಲ್ಲಿಂದ ಮುಂದಿನ ಮಾತು ನನಗೆ ಬಿಡಿ, ಏಕೆಂದರೆ ಈ ಚರ್ಚೆ ಬಂದಾಗಲೆಲ್ಲ ನಾನು ಒಂದೇ ವಾದ ಹೂಡುತ್ತೇನೆ. ಮೊದಲು ಓದಿಕೊಳ್ಳಿ, ಅರ್ಥ ಮಾಡಿಕೊಳ್ಳುವುದು ಆಮೇಲೆ. ಹಳೆಯ ಫ್ಲಾಪಿ ಇನ್ನೆಷ್ಟು ಸಲ ಹೆಡ್ಡಿನ ಕೆಳಗೆ ಸುತ್ತಲು ತಾಳುತ್ತದೆ ಎಂದು ಯಾರೂ ಹೇಳಲಾರರು. ಹಾಗಿರುವಾಗ ಅದು ಆಪಲ್ಲಿನದೋ ಪಿಸಿಯದೋ ಎಂದು ಡ್ರೈವಿನಲ್ಲಿ ಮತ್ತೆ ಮತ್ತೆ ಸುತ್ತಿಸಿ ಪತ್ತೆ ಮಾಡುವುದಕ್ಕಿಂತ, ಮೇಲ್ಮೈಯಲ್ಲಿರುವುದನ್ನೆಲ್ಲ ಇದ್ದ ಹಾಗೆ ಒಮ್ಮೆ ಹಿಡಿದಿಟ್ಟುಕೊಂಡು, ಪತ್ತೇದಾರಿಯನ್ನು ಆ ನಕಲಿನ ಮೇಲೆ ನಡೆಸುವುದು ಲೇಸು.

ಹಿಡಿದಿಡುವುದು ಎಂದರೆ ಏನು? ಫ್ಲಾಪಿಯ ಮೇಲೆ ಸೊನ್ನೆ, ಒಂದುಗಳು ಇರುವುದಿಲ್ಲ. ಕಾಂತೀಯ ದಿಕ್ಕು ಬದಲಾಗುವ ತಾಣಗಳಿರುತ್ತವೆ. ಮಾಹಿತಿ ಇರುವುದು ಎರಡು ಬದಲಾವಣೆಗಳ ನಡುವಿನ ಅಂತರದಲ್ಲಿ. ಸಾಮಾನ್ಯ ಡಬಲ್ ಡೆನ್ಸಿಟಿ (720 ಕೆಬಿಯಂತಹ) ಪಿಸಿ ಫ್ಲಾಪಿಯಲ್ಲಿ ಆ ಅಂತರ 4, 6 ಅಥವಾ 8 ಮೈಕ್ರೊಸೆಕೆಂಡ್ ಆಸುಪಾಸಿನಲ್ಲಿರುತ್ತದೆ. 1.44 ಎಂಬಿಯದರಲ್ಲಿ ಅದರ ಅರ್ಧ. ಆಪಲ್ 2ರ ಫ್ಲಾಪಿಯಲ್ಲಿ 4, 8, 12. ಗ್ರೀಸ್‌ವೀಜಲ್, ಕ್ರಯೋಫ್ಲಕ್ಸ್, ಸೂಪರ್‌ಕಾರ್ಡ್ ಪ್ರೊ, ಫ್ಲಕ್ಸ್‌ಎಂಜಿನ್ ಮುಂತಾದ ಸಾಧನಗಳು ಮಾಡುವುದು ಇಷ್ಟೇ: ಹಳೆಯ ಡ್ರೈವಿನ 34 ಪಿನ್ನಿನ ಕೇಬಲ್ಲನ್ನು ಒಂದು ಕಡೆ, ಯುಎಸ್‌ಬಿಯನ್ನು ಇನ್ನೊಂದು ಕಡೆ ಸೇರಿಸಿಕೊಂಡು, ಆ ಅಂತರಗಳನ್ನೆಲ್ಲ ಅಳೆದು ಸಾಲಾಗಿ ಬರೆದಿಡುತ್ತವೆ. ಇದನ್ನೇ ಫ್ಲಕ್ಸ್ ದಾಖಲೆ ಎನ್ನುವುದು. ಯಾವ ಕಂಪ್ಯೂಟರಿನ ಫ್ಲಾಪಿ ಎಂಬ ಪ್ರಶ್ನೆಯನ್ನೇ ಅವು ಕೇಳುವುದಿಲ್ಲ. ಆಪಲ್ ವರ್ಗದ ಯಂತ್ರಗಳಿಗೆಂದೇ ಮಾಡಿದ ಆಪಲ್‌ಸಾಸ್ ಕೂಡ ಇದೇ ಜಾತಿಯದು.

3.5 ಇಂಚಿನ ಪಿಸಿ ಡ್ರೈವಿನಲ್ಲಿ ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಪ್ರತಿ ಟ್ರ್ಯಾಕಿನಲ್ಲಿ ಮೂರು ಸುತ್ತು ಹಿಡಿದರೂ ಎರಡು ಬದಿಯ 80 ಟ್ರ್ಯಾಕುಗಳನ್ನು ಓದಲು ಎರಡು ನಿಮಿಷ ಬೇಕಾಗುವುದಿಲ್ಲ. ಆಮೇಲೆ ಫ್ಲಾಪಿಯನ್ನು ಲಕೋಟೆಗೆ ಹಾಕಿಟ್ಟು, ಆ ದಾಖಲೆಯನ್ನು ಎಷ್ಟು ಸಲ ಬೇಕಾದರೂ ಬಿಡಿಸಿ ನೋಡಬಹುದು. ಈಗ ಬಿಡಿಸಲಾಗದ ಟ್ರ್ಯಾಕು ಮುಂದೆ ಇನ್ನೂ ಉತ್ತಮ ತಂತ್ರಾಂಶ ಬಂದಾಗ ಬಿಡಿಸಿಕೊಂಡೀತು.

ಸರಳವಾದಿ:
ವಿವರಣೆ ಚೆನ್ನಾಗಿದೆ, ಆದರೆ ಸುಸ್ಥಿತಿಯಲ್ಲಿರುವ 1.44 ಎಂಬಿ ಪಿಸಿ ಫ್ಲಾಪಿಗೆ ಇದೆಲ್ಲ ಅತಿಯಾಯಿತು. ಕಡತಗಳನ್ನು ಎಳೆದು ಹಾಕಿಕೊಳ್ಳುವ ಬದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಫ್ಲಾಪಿಯ ಸೆಕ್ಟರ್ ಇಮೇಜ್, ಅಂದರೆ ಎಲ್ಲ ಸೆಕ್ಟರುಗಳನ್ನೂ ಸಾಲಾಗಿ ತುಂಬಿದ ಒಂದೇ ನಕಲು ಕಡತ, ಮಾಡಿಕೊಂಡರೆ ಸಾಕು. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ತೆಗೆದುಕೊಂಡು, ಬಾರದ ಸೆಕ್ಟರುಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿಟ್ಟುಕೊಂಡು, ಕೊನೆಗೆ ಅವುಗಳಿಗೆ ಮಾತ್ರ ಮರಳುತ್ತದೆ. 2880 ಸೆಕ್ಟರುಗಳೂ ಬಂದರೆ ಇಮೇಜಿನ ಗಾತ್ರ ಸರಿಯಾಗಿ 14,74,560 ಬೈಟು. ಪ್ರತಿ ಸೆಕ್ಟರಿಗೂ ತಾಳೆ ನೋಡುವ ಸಿಆರ್‌ಸಿ ಸಂಕೇತ ಫ್ಲಾಪಿಯ ಮೇಲೇ ಇರುವುದರಿಂದ, ದೋಷವಿಲ್ಲದೆ ಬಂತೆಂದರೆ ಬಂದದ್ದು ಸರಿಯಾಗಿದೆ ಎಂದೇ ನಂಬಬಹುದು. ಹೇಳಿ, ಇದಕ್ಕಿಂತ ನಿಮ್ಮ ಅಂತರಗಳ ಪಟ್ಟಿ ಹೆಚ್ಚಿಗೆ ಏನು ಕೊಡುತ್ತದೆ?

ಫ್ಲಕ್ಸ್‌ಪ್ರಿಯ:
ದೋಷವಿಲ್ಲದೆ ಬಂದರೆ ಹೆಚ್ಚೇನೂ ಕೊಡುವುದಿಲ್ಲ, ಒಪ್ಪಿದೆ. ದೋಷ ಬಂದ ಗಳಿಗೆಯಲ್ಲೇ ವ್ಯತ್ಯಾಸ ಶುರುವಾಗುವುದು. ಸಿಆರ್‌ಸಿ ತಾಳೆಯಾಗದ ಸೆಕ್ಟರನ್ನು ನಿಮ್ಮ ಡ್ರೈವ್ ಪೂರ್ತಿ ಬಚ್ಚಿಡುತ್ತದೆ. ಅದರ 512 ಬೈಟುಗಳಲ್ಲಿ ಒಂದೇ ಬಿಟ್ ಹಾಳಾಗಿದ್ದರೂ ನಿಮಗೆ ಸಿಗುವುದು ಸೊನ್ನೆ. ಫ್ಲಕ್ಸ್ ದಾಖಲೆಯಲ್ಲಿ ಉಳಿದ 511 ಬೈಟುಗಳು ಕಣ್ಣಿಗೆ ಕಾಣುತ್ತವೆ. ಬೇರೆ ಬೇರೆ ಸುತ್ತುಗಳನ್ನು ಹೋಲಿಸಿ ಯಾವುದು ಸರಿ ಎಂದು ನಿರ್ಧರಿಸಲೂ ಬರುತ್ತದೆ. ಹಸ್ತಪ್ರತಿಯ ಒಂದು ಅಕ್ಷರ ತಪ್ಪಾಗಿ ಬಂದರೆ ಓದುಗ ತಿದ್ದಿಕೊಂಡು ಓದುತ್ತಾನೆ, ಅರ್ಧ ಪುಟವೇ ಇಲ್ಲದಿದ್ದರೆ ಏನು ಮಾಡಿಯಾನು?

ಮೂಲಯಂತ್ರ:
ನೀವಿಬ್ಬರೂ ಆ ಫ್ಲಾಪಿ ಹುಟ್ಟಿದ ಮನೆಯನ್ನೇ ಮರೆತಿದ್ದೀರಿ. ಆಪಲ್ 2ರ ಫ್ಲಾಪಿಯನ್ನು ಓದಲು ಆಪಲ್ 2ಕ್ಕಿಂತ ಒಳ್ಳೆಯ ಯಂತ್ರ ಯಾವುದಿದೆ? ಎಡಿಟಿಪ್ರೊ ಎಂಬ ತಂತ್ರಾಂಶವಿದೆ. ಅದು ಆಪಲ್ 2ರಲ್ಲಿ ಓದಿದ ಇಡೀ ಫ್ಲಾಪಿಯನ್ನು ಸೀರಿಯಲ್ ಕೇಬಲ್ ಮೂಲಕ ಇಂದಿನ ಕಂಪ್ಯೂಟರಿಗೆ ಕಳುಹಿಸುತ್ತದೆ. ಸೀರಿಯಲ್ ಕಾರ್ಡ್ ಇಲ್ಲದಿದ್ದರೆ ಕ್ಯಾಸೆಟ್ಟಿನ ಆಡಿಯೊ ಕಿಂಡಿಯ ಮೂಲಕವೂ ಕಳುಹಿಸಬಲ್ಲದು. ಅಮಿಗಾಕ್ಕೂ ನಲ್ ಮೋಡೆಮ್ ಕೇಬಲ್ (ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ಸೀರಿಯಲ್ ಕೇಬಲ್) ಹಾಕಿ ಇದೇ ಕೆಲಸ ಮಾಡಿಸಬಹುದು. ಕಡತ ತೆರೆದಾಗ ಅದು ಮೂಲ ತಂತ್ರಾಂಶದಲ್ಲಿ, ಮೂಲ ಪರದೆಯ ಮೇಲೆ ಹೇಗಿತ್ತೋ ಹಾಗೆಯೇ ಕಾಣುವುದು ಬೇರೆಲ್ಲೂ ಸಿಗದ ಅನುಕೂಲ.

ಕಾಂತಸೂಜಿ:
ಆ ಮೂಲ ಯಂತ್ರ ಸುಸ್ಥಿತಿಯಲ್ಲಿದ್ದರೆ ನಿಮ್ಮ ಮಾತು ನಿಜ. ನಾಲ್ಕು ದಶಕ ಮೂಲೆಯಲ್ಲಿ ಕುಳಿತ ಯಂತ್ರಕ್ಕೆ ವಿದ್ಯುತ್ ಕೊಟ್ಟು, ಕೆಪಾಸಿಟರ್ ಹೊಗೆಯಾಡುವುದನ್ನು ನೋಡುತ್ತ, ಅದೇ ಡ್ರೈವಿಗೆ ಸೋದರಮಾವನವರ ಫ್ಲಾಪಿಯನ್ನು ತಳ್ಳುವುದು ಜಾಣತನವಲ್ಲ. ಮೊದಲು ಬೇಡವಾದ ಫ್ಲಾಪಿಯೊಂದನ್ನು ಹಾಕಿ ಪರೀಕ್ಷಿಸದೆ ಯಾವ ಡ್ರೈವನ್ನೂ, ಹೊಸದಿರಲಿ ಹಳೆಯದಿರಲಿ, ನಂಬಬೇಡಿ.

ಶುಚಿಕಾರ:
ಎಲ್ಲರೂ ಡ್ರೈವು, ಕೇಬಲ್ಲುಗಳ ಮಾತಾಡುತ್ತಿದ್ದೀರಿ. ಫ್ಲಾಪಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ ಎಂದು ಯಾರೂ ಹೇಳಲಿಲ್ಲ. ಕೈತಪ್ಪಿಹೋಗುವ ಪ್ರಕರಣಗಳಲ್ಲಿ ಬಹುಪಾಲು ಇಲ್ಲೇ ಕೆಡುವುದು.

3.5 ಇಂಚಿನದರ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ, ಹಿಂಬದಿಯ ನಡುವಿನ ಲೋಹದ ಬಿಲ್ಲೆಯನ್ನು ನಿಧಾನವಾಗಿ ತಿರುಗಿಸುತ್ತ, ದೀಪದ ಬೆಳಕು ಓರೆಯಾಗಿ ಬೀಳುವಂತೆ ಮೇಲ್ಮೈಯನ್ನು ನೋಡಿ. ಸುಸ್ಥಿತಿಯ ಡಿಸ್ಕ್ ಕಡುಕಂದು ಅಥವಾ ಕಪ್ಪು ಬಣ್ಣದ ನಯವಾದ ಕನ್ನಡಿಯಂತಿರುತ್ತದೆ. ಬೂದುಬಣ್ಣದ ಚುಕ್ಕೆಗಳೋ ಎಳೆಎಳೆಯಾದ ಬಲೆಯೋ ಕಂಡರೆ ಅದು ಬೂಷ್ಟು. ವೃತ್ತಾಕಾರದ ಗೀರು ಕಂಡರೆ ಹಿಂದೆ ಯಾವುದೋ ಹೆಡ್ಡು ಅಲ್ಲಿ ಲೇಪವನ್ನು ಕೆರೆದಿದೆ; ಗೀರಿನ ಮೂಲಕ ಆಚೆಯ ಬೆಳಕು ಕಂಡರೆ ಆ ಟ್ರ್ಯಾಕು ಹೋಯಿತೆಂದೇ ಲೆಕ್ಕ, ಯಾವ ಸಾಧನವೂ ಅದನ್ನು ತರಲಾರದು. ಫ್ಲಾಪಿ ಎಂದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡ್. ಕಾಂತೀಯ ಗುರುತು ಮಾಸುವುದಕ್ಕಿಂತ ಬೇಗ ಅಂಟು ಸಡಿಲವಾಗುತ್ತದೆ.

ಬೂಷ್ಟು ಇರುವುದನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಕೊಳೆ ಹೆಡ್ಡಿಗೆ ಅಂಟುತ್ತದೆ, ಅಂಟಿದ ಕೊಳೆ ಲೇಪವನ್ನು ಕೆರೆಯುತ್ತದೆ, ಕೆರೆದ ಪುಡಿ ಮುಂದಿನ ಫ್ಲಾಪಿಯನ್ನೂ ಹಾಳು ಮಾಡುತ್ತದೆ. ಕೈಗವಸು, ಮುಖಗವಸು ಹಾಕಿಕೊಂಡು, ಎಳೆ ಬಿಡದ ಬಟ್ಟೆಯ ಕಡ್ಡಿಯನ್ನು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೇವ ಮಾಡಿ, ಒತ್ತಡವಿಲ್ಲದೆ ಸವರಬೇಕು. 5.25 ಇಂಚಿನದಾದರೆ ಹೊದಿಕೆಯ ಒಂದು ಅಂಚನ್ನು ಸೀಳಿ, ಯಾವ ಬದಿ ಮೇಲಿತ್ತೆಂದು ಗುರುತು ಮಾಡಿಕೊಂಡು, ಹಾಳೆಯನ್ನು ಹೊರತೆಗೆದು ಸೌಮ್ಯವಾದ ಸೋಪು ಬೆರೆಸಿದ ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಬೇರೊಂದು ಶುಚಿಯಾದ ಹೊದಿಕೆಗೆ ಸೇರಿಸಿ ಓದುವುದು ರೂಢಿ. ಒಳಗಿನ ಬಟ್ಟೆಯಂಥ ಅಸ್ತರಿಯಲ್ಲೇ ಬೂಷ್ಟು ಬೇರುಬಿಟ್ಟಿರುವುದರಿಂದ ಹಳೆಯ ಹೊದಿಕೆಗೆ ಮರಳಿ ಹಾಕಬಾರದು. ಚೀಟಿ ಇರುವ ಕಾರಣ ಎಸೆಯಲೂಬಾರದು.

ಓದುವಾಗ ಕಿವಿ ಡ್ರೈವಿನ ಮೇಲಿರಲಿ. ಕೀಚ್ ಎಂಬ ಸದ್ದು ಬಂದ ತಕ್ಷಣ ನಿಲ್ಲಿಸಿ, ಹೆಡ್ಡನ್ನು ಒರೆಸಿ ನೋಡಿ. ಕಡ್ಡಿಗೆ ಕಂದು ಬಣ್ಣ ಹತ್ತಿದರೆ ಆ ಬಣ್ಣವೇ ನಿಮ್ಮ ಕಡತ.

ಬಿಸಿಲಂಚು:
ಅಂಟು ಸಡಿಲವಾದ ಆಡಿಯೊ ಟೇಪುಗಳನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತಾತ್ಕಾಲಿಕವಾಗಿ ಸರಿಪಡಿಸುವ ಪದ್ಧತಿಯಿದೆ. ಫ್ಲಾಪಿಗೂ ಅದನ್ನೇ ಮಾಡಬಹುದಲ್ಲವೇ?

ಶುಚಿಕಾರ:
ಬಿಸಿಲಂಚು ಅವರೇ, ದಯವಿಟ್ಟು ಹೊಸಬರ ಮುಂದೆ ಆ ಮಾತು ಎತ್ತಬೇಡಿ. 5.25 ಇಂಚಿನದರ ಹೊದಿಕೆ ತೆಳುವಾದ ಪ್ಲಾಸ್ಟಿಕ್. ಬಿಸಿಗೆ ಸೊಟ್ಟಗಾದರೆ ಡಿಸ್ಕ್ ತಿರುಗುವುದೇ ಇಲ್ಲ. ಹಾಳೆಯನ್ನು ಹೊರತೆಗೆದು ಹಾಗೆ ಮಾಡುವವರು ಇದ್ದಾರೆ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಮೇಲ್ಮೈ ಒಣಗಿ ಹೆಡ್ಡಿಗೆ ಹಿಡಿಯುತ್ತಿದ್ದರೆ ಸೈಕ್ಲೊಮೆಥಿಕೋನ್ ಎಂಬ, ಆಮೇಲೆ ತಾನಾಗಿ ಆವಿಯಾಗಿ ಹೋಗುವ ಜಾರುದ್ರವವನ್ನು ತೆಳುವಾಗಿ ಸವರಿ ಒಮ್ಮೆ ಓದಿಕೊಳ್ಳುವುದು ಅದಕ್ಕಿಂತ ಕಡಿಮೆ ಅಪಾಯದ ದಾರಿ.

ಬಿಸಿಲಂಚು:
ಕೇಳಿದ್ದಷ್ಟೇ, ಒಲೆ ಹಚ್ಚಿರಲಿಲ್ಲ.

ಹಳೆಪೆಟ್ಟಿಗೆ:
ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ಗ್ರೀಸ್‌ವೀಜಲ್ ತರಿಸಿದೆ, 3.5 ಇಂಚಿನ ಡ್ರೈವ್ ಜೊತೆಗೆ ಹಳೆಯ ಪಿಸಿಯಿಂದ ಬಿಚ್ಚಿದ 1.2 ಎಂಬಿಯ 5.25 ಇಂಚಿನ ಡ್ರೈವೊಂದು ಸಿಕ್ಕಿತು. ಅದಕ್ಕೆ 5 ವೋಲ್ಟ್ ಸಾಲದು, 12 ವೋಲ್ಟ್ ಕೂಡ ಬೇಕೆಂದು ತಿಳಿದು ಬೇರೆ ಪವರ್ ಸಪ್ಲೈ ಜೋಡಿಸಿದೆ. ಅಮಿಗಾದ ಫ್ಲಾಪಿಗಳು ಅಚ್ಚರಿಯಾಗುವಷ್ಟು ಸಲೀಸಾಗಿ ಬಂದವು. ಪಿಸಿಯ 360 ಕೆಬಿ ಫ್ಲಾಪಿಗಳೂ ಬಹುಮಟ್ಟಿಗೆ ಬಂದವು. ಆಪಲ್ 2ರವುಗಳಲ್ಲಿ ಮಾತ್ರ ಒಂದು ವಿಚಿತ್ರವಿದೆ. ಹೊದಿಕೆಯ ಇನ್ನೊಂದು ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತಹ ಎರಡನೆಯ ಕಚ್ಚು ಇದೆ. ಮೊದಲ ಬದಿ ಓದುತ್ತದೆ, ಮಗುಚಿ ಹಾಕಿದರೆ ಡ್ರೈವ್ ಏನನ್ನೂ ಕೊಡುವುದಿಲ್ಲ.

ಫ್ಲಕ್ಸ್‌ಪ್ರಿಯ:
ಅವು ‘ಫ್ಲಿಪ್ಪಿ’ಗಳು. ಆಪಲ್ 2ರ ಡ್ರೈವಿಗೆ ಇದ್ದದ್ದು ಒಂದೇ ಹೆಡ್ಡು, ಒಂದು ಬದಿಗೆ ಹಿಡಿಯುತ್ತಿದ್ದದ್ದು 140 ಕೆಬಿ. ಹಾಗಾಗಿ ಇನ್ನೊಂದು ಕಚ್ಚು ಕತ್ತರಿಸಿ, ಫ್ಲಾಪಿಯನ್ನು ಮಗುಚಿ ಹಿಂಬದಿಯನ್ನೂ ಬಳಸುವುದು ಎಲ್ಲೆಡೆ ರೂಢಿಯಲ್ಲಿತ್ತು. ನಿಮ್ಮ ತೊಡಕು ಇರುವುದು ಸುತ್ತು ಎಲ್ಲಿ ಆರಂಭ ಎಂದು ತಿಳಿಸುವ ಇಂಡೆಕ್ಸ್ ರಂಧ್ರದಲ್ಲಿ. ಆಪಲ್ಲಿನ ಡ್ರೈವ್ ಆ ರಂಧ್ರವನ್ನು ನೋಡುತ್ತಲೇ ಇರಲಿಲ್ಲ. ಪಿಸಿಯ ಡ್ರೈವಿಗೆ ಅದು ಬೇಕು. ಮಗುಚಿದಾಗ ಹೊದಿಕೆಯ ತೂತು ಸೆನ್ಸರಿನ ಎದುರಿಗೆ ಬರುವುದಿಲ್ಲವಾದ್ದರಿಂದ ಎಷ್ಟೋ ಡ್ರೈವುಗಳು ‘ಡಿಸ್ಕ್ ಇಲ್ಲ’ ಎಂದು ಮುಷ್ಕರ ಹೂಡುತ್ತವೆ.

ಮಗುಚದೆಯೇ ಮೇಲಿನ ಹೆಡ್ಡಿನಿಂದ ಹಿಂಬದಿಯನ್ನು ಓದಿ, ಉಲ್ಟಾ ಬಂದ ದಾಖಲೆಯನ್ನು ತಂತ್ರಾಂಶದಲ್ಲಿ ತಿರುಗಿಸಿಕೊಳ್ಳಬಹುದಲ್ಲ ಎಂದು ನಿಮಗೆ ತೋಚಬಹುದು. ಬಹುತೇಕ ಸರಿ, ಆದರೆ ಮೇಲಿನ ಹೆಡ್ಡನ್ನು ಕೆಳಗಿನದಕ್ಕೆ ನೇರವಾಗಿ ಕೂರಿಸಿರುವುದಿಲ್ಲ. 80 ಟ್ರ್ಯಾಕಿನ ಡ್ರೈವಿನಲ್ಲಿ ಅದು ಎಂಟು ಟ್ರ್ಯಾಕಿನಷ್ಟು ಒಳಗೆ ಸರಿದಿರುತ್ತದೆ. ಹಿಂಬದಿಯ ಹೊರ ಅಂಚಿನ ಟ್ರ್ಯಾಕುಗಳಿಗೆ ಅದನ್ನು ಒಯ್ಯಲು ಹೆಡ್ಡು ಸೊನ್ನೆಗಿಂತಲೂ ಹಿಂದಕ್ಕೆ ಹೋಗಬೇಕು, ಸಾಮಾನ್ಯ ಡ್ರೈವ್ ಹೋಗಲು ಒಪ್ಪುವುದಿಲ್ಲ. ಪ್ಯಾನಾಸೋನಿಕ್ ಜೆಯು-475 ಡ್ರೈವನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಇದಕ್ಕಾಗಿ. ಚಿಕ್ಕ ಮಾರ್ಪಾಟು ಮಾಡಿದರೆ ಅದು ಅಷ್ಟು ಹಿಂದಕ್ಕೆ ಹೋಗುತ್ತದೆ.

ಮೂಲಯಂತ್ರ:
ಅಥವಾ ಮಗುಚಿ ಹಾಕಿದರೆ ಮರುಮಾತಿಲ್ಲದೆ ಓದುವ ಆಪಲ್ 2 ಒಂದನ್ನು ಎರವಲು ತನ್ನಿ. ನಾನು ಹೇಳಿದಾಗ ನಕ್ಕಿರಿ.

ಕಾಂತಸೂಜಿ:
ಯಾರೂ ನಗಲಿಲ್ಲ, ಮೂಲಯಂತ್ರದವರೇ. ಈ ಒಂದು ಫ್ಲಾಪಿಗೆ ನಿಮ್ಮ ದಾರಿಯೇ ಹತ್ತಿರದ್ದು.

ಚಿತ್ರಶಾಲೆ:
ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಕ್ಷಮಿಸಿ. ಅಮಿಗಾ ಫ್ಲಾಪಿ ಎಂದಾಗ ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್ ನೆನಪಾದರು. 1985ರಲ್ಲಿ ಅವರು ಅಮಿಗಾ 1000ರಲ್ಲಿ ಬಿಡಿಸಿದ್ದ ಚಿತ್ರಗಳು ಪಿಟ್ಸ್‌ಬರ್ಗಿನ ವಸ್ತುಸಂಗ್ರಹಾಲಯದ ಫ್ಲಾಪಿಗಳಲ್ಲಿ ಉಳಿದಿದ್ದವು. ಅವನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಹೊರತೆಗೆದ ಸುದ್ದಿ 2014ರಲ್ಲಿ ಬಂತು. ಫ್ಲಕ್ಸ್‌ಪ್ರಿಯರು ಹೇಳಿದ ಕ್ರಯೋಫ್ಲಕ್ಸನ್ನೇ ಅವರು ಬಳಸಿದ್ದು. ಫ್ಲಾಪಿ ಓದಿದ ಮೇಲೂ ಅವರ ಕೆಲಸ ಮುಗಿಯಲಿಲ್ಲ. ಚಿತ್ರಗಳು ಮಾರುಕಟ್ಟೆಗೆ ಬರುವ ಮೊದಲಿನ ತಂತ್ರಾಂಶವೊಂದರ ಅಪರಿಚಿತ ವಿನ್ಯಾಸದಲ್ಲಿದ್ದುದರಿಂದ ಆ ವಿನ್ಯಾಸವನ್ನೂ ಬಿಡಿಸಬೇಕಾಯಿತು. ಸ್ಟಾರ್ ಟ್ರೆಕ್ ಧಾರಾವಾಹಿ ಸೃಷ್ಟಿಸಿದ ಜೀನ್ ರಾಡನ್‌ಬೆರಿಯವರ ಸುಮಾರು 200 ಫ್ಲಾಪಿಗಳ ಕಥೆಯೂ ಇಂಥದ್ದೇ. ಅವರಿಗೆಂದೇ ಜೋಡಿಸಿದ ಕಂಪ್ಯೂಟರುಗಳಲ್ಲಿ ಬರೆದ ಫ್ಲಾಪಿಗಳಾದ್ದರಿಂದ ಯಾವ ಸಿದ್ಧ ತಂತ್ರಾಂಶಕ್ಕೂ ಅವು ಬಗ್ಗಲಿಲ್ಲ.

ಎಂಟಿಂಚು:
ಹೊರತೆಗೆಯುವ ಮಾತಷ್ಟೇ ಏಕೆ? ಅಮೆರಿಕದ ಅಣ್ವಸ್ತ್ರ ಪಡೆಗಳ ಸಂದೇಶ ವ್ಯವಸ್ಥೆಯಲ್ಲಿ 8 ಇಂಚಿನ ಫ್ಲಾಪಿ 2019ರ ತನಕ ನಿತ್ಯದ ಬಳಕೆಯಲ್ಲಿತ್ತು. ಅದರ ಹಿಂದಿದ್ದದ್ದು ಐಬಿಎಂ ಸೀರೀಸ್/1 ಕಂಪ್ಯೂಟರ್. ಸೋನಿ ಕಂಪನಿ ಫ್ಲಾಪಿ ಮಾರುವುದನ್ನು 2011ರಲ್ಲೇ ನಿಲ್ಲಿಸಿತ್ತು.

ಸರಳವಾದಿ:
ಅಣ್ವಸ್ತ್ರದಿಂದ ಹಸ್ತಪ್ರತಿಗೆ ಬರೋಣವೇ?

ಕಡತಪ್ರೇಮಿ:
ಬರೋಣ. ಇಮೇಜ್ ಸಿಕ್ಕ ಮೇಲಿನ ಗೋಜಲನ್ನು ಯಾರೂ ಪ್ರಸ್ತಾಪಿಸಿಲ್ಲ. ಪಿಸಿ ಫ್ಲಾಪಿಗಳಲ್ಲಿ ಇರುವುದು ಫ್ಯಾಟ್12 ಎಂಬ ಕಡತ ವ್ಯವಸ್ಥೆ, ಅದನ್ನು ಇಂದಿನ ಬಹುತೇಕ ಕಂಪ್ಯೂಟರುಗಳು ತೆರೆಯುತ್ತವೆ. ಯಾವ ಕಡತ ಎಲ್ಲೆಲ್ಲಿದೆ ಎಂದು ಹೇಳುವ ಅದರ ಹಂಚಿಕೆ ಪಟ್ಟಿಯ ಎರಡು ಪ್ರತಿಗಳು ಫ್ಲಾಪಿಯಲ್ಲಿರುವುದರಿಂದ ಒಂದು ಕೆಟ್ಟರೆ ಇನ್ನೊಂದನ್ನು ನೋಡಬಹುದು. ಅಮಿಗಾದ ಎಡಿಎಫ್ ಇಮೇಜುಗಳಿಗೆ, ಆಪಲ್ 2ರ ಇಮೇಜುಗಳಿಗೆ ಎಮ್ಯುಲೇಟರುಗಳಿವೆ, ಅಂದರೆ ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶಗಳಿವೆ. ಕಷ್ಟ ಕೊಡುವುದು ಆ ಕಾಲದ ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆ. 8 ಇಂಚಿನ ಫ್ಲಾಪಿಯಲ್ಲಿ 77 ಟ್ರ್ಯಾಕು, ಟ್ರ್ಯಾಕಿಗೆ 128 ಬೈಟಿನ 26 ಸೆಕ್ಟರು ಎಂಬ ಒಂದು ಕಟ್ಟುಪಾಡು ಇತ್ತು. 5.25 ಇಂಚಿಗೆ ಬಂದಾಗ ಪ್ರತಿ ತಯಾರಕರೂ ತಮ್ಮದೇ ಲೆಕ್ಕ ಹಾಕಿಕೊಂಡರು. ಸಿಪಿಎಂಟೂಲ್ಸ್ ಎಂಬ ಉಪಕರಣದಲ್ಲಿ ಅಂತಹ ವಿನ್ಯಾಸಗಳ ವರ್ಣನೆಗಳಿವೆ. ನಿಮ್ಮದು ಇಲ್ಲದಿದ್ದರೆ ಹೆಕ್ಸ್ ಎಡಿಟರಿನಲ್ಲಿ (ಕಡತದ ಬೈಟುಗಳನ್ನು ಇದ್ದ ಹಾಗೆ ತೋರಿಸುವ ತಂತ್ರಾಂಶದಲ್ಲಿ) ಹೆಸರುಗಳ ಪಟ್ಟಿ ಎಲ್ಲಿದೆಯೆಂದು ಹುಡುಕಿ ನೀವೇ ಬರೆಯಬೇಕು.

ಹಳೆಪೆಟ್ಟಿಗೆಯವರೇ, ಹಸ್ತಪ್ರತಿಯ ಕಡತ ಸಿಕ್ಕಿ, ತೆರೆದಾಗ ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರ ಚಿಹ್ನೆಯಾಗಿ ಕಂಡರೆ ಗಾಬರಿಯಾಗಬೇಡಿ. ಅದು ವರ್ಡ್‌ಸ್ಟಾರ್ ಎಂಬ ಹಳೆಯ ಬರವಣಿಗೆ ತಂತ್ರಾಂಶದ ಗುರುತು. ಸಾಲುಗಳನ್ನು ಹೊಂದಿಸುವ ಅನುಕೂಲಕ್ಕಾಗಿ ಅದು ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ಒಂದಕ್ಕೆ ಏರಿಸಿಡುತ್ತಿತ್ತು. ಆ ಬಿಟ್ಟನ್ನು ಇಳಿಸಿದರೆ ಬರಹ ಸರಿಹೋಗುತ್ತದೆ. ಕಡತದ ತುದಿಯಲ್ಲಿ ಒಂದೇ ಚಿಹ್ನೆ ಸಾಲಾಗಿ ಕಂಡರೂ ಅದು ಹಾಳಾದ ಲಕ್ಷಣವಲ್ಲ. ಸಿಪಿ/ಎಂ ಕಡತದ ಉದ್ದವನ್ನು 128 ಬೈಟಿನ ತುಂಡುಗಳಲ್ಲೇ ಎಣಿಸುತ್ತಿದ್ದುದರಿಂದ ಉಳಿದ ಜಾಗವನ್ನು ಕಂಟ್ರೋಲ್-ಝಡ್ ಚಿಹ್ನೆಯಿಂದ ತುಂಬುತ್ತಿದ್ದರು.

ಹಳೆಪೆಟ್ಟಿಗೆ:
ನೀವು ವರ್ಣಿಸಿದ ವಿಚಿತ್ರ ಚಿಹ್ನೆಗಳೇ ಒಂದು ಕಡತದಲ್ಲಿ ಕಂಡಿದ್ದವು. ಬಿಟ್ ಇಳಿಸಿದ ಮೇಲೆ ಮೊದಲ ಅಧ್ಯಾಯ ಓದಲು ಬಂತು. ಎರಡನೆಯ ಅಧ್ಯಾಯದ ಹೆಸರು ಪಟ್ಟಿಯಲ್ಲಿ ಇಲ್ಲ. ಅಳಿಸಿಹಾಕಿರಬಹುದೇ?

ಕಡತಪ್ರೇಮಿ:
ಇರಬಹುದು, ಆದರೂ ಹೋಗಿರಲಿಕ್ಕಿಲ್ಲ. ಹಳೆಯ ಪಿಸಿಗಳ ವ್ಯವಸ್ಥೆಯಾದ ಡಾಸ್‌ನಲ್ಲಿ ಅಳಿಸುವುದೆಂದರೆ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಹೆಕ್ಸ್ (ಹದಿನಾರರ) ಲೆಕ್ಕದ ಇ5 ಎಂಬ ಗುರುತು ಬರೆದು, ಹಂಚಿಕೆ ಪಟ್ಟಿಯಲ್ಲಿ ಅದರ ಜಾಗವನ್ನು ಖಾಲಿ ಎಂದು ಗುರುತಿಸುವುದಷ್ಟೇ. ಸಿಪಿ/ಎಂನಲ್ಲೂ ಅಳಿಸಿದ ಗುರುತು ಅದೇ ಇ5. ಅದರ ಮೇಲೆ ಬೇರೆ ಏನನ್ನೂ ಬರೆಯದಿದ್ದರೆ ಒಳಗಿನ ಬರಹ ಹಾಗೆಯೇ ಇರುತ್ತದೆ. ಇಮೇಜಿನ ಒಂದು ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ, ಅಳಿಸಿದ ಕಡತಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್ ತಂತ್ರಾಂಶವನ್ನು ಓಡಿಸಿ. ಮೂಲ ಇಮೇಜನ್ನು ಮುಟ್ಟಬೇಡಿ. ಹೆಸರುಗಳ ಪಟ್ಟಿಯೇ ಹಾಳಾಗಿದ್ದರೆ ಇಡೀ ಇಮೇಜನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ಮೊದಲ ಅಧ್ಯಾಯದಲ್ಲಿ ಬರುವ ಪಾತ್ರದ ಹೆಸರನ್ನು ಹುಡುಕುವುದೇ ಹತ್ತಿರದ ದಾರಿ. ವರ್ಡ್‌ಸ್ಟಾರ್ ಆದ್ದರಿಂದ ಹೆಸರಿನ ಕೊನೆಯ ಅಕ್ಷರವನ್ನು ಬಿಟ್ಟು ಹುಡುಕಿ.

ಮಿತಭಾಷಿ:
ಅಳಿಸಿದ್ದನ್ನು ಮರಳಿ ತೆಗೆಯುವುದು ಸರಿಯೇ ಎಂದು ಯಾರಾದರೂ ಕೇಳಬೇಕಲ್ಲ. ಬರೆದವರು ಬೇಡವೆಂದೇ ಅಳಿಸಿರಬಹುದು.

ಸರಳವಾದಿ:
ಜಾಗ ಸಾಲದೆ ಅಳಿಸಿರಲೂಬಹುದು. 360 ಕೆಬಿಯಲ್ಲಿ ಕಾದಂಬರಿ ಬರೆಯುವವರು ದಿನವೂ ಏನನ್ನಾದರೂ ಅಳಿಸಲೇಬೇಕು.

ಕಾಂತಸೂಜಿ:
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಅದು ಮನೆಯವರು ಕುಳಿತು ತೀರ್ಮಾನಿಸುವ ವಿಷಯ. ನಮ್ಮ ಕೈಯಲ್ಲಿರುವುದು ಒಂದೇ ಎಚ್ಚರ: ಫ್ಲಕ್ಸ್ ದಾಖಲೆಯಲ್ಲಿ ಅಳಿಸಿದ್ದೂ ಇರುತ್ತದೆ, ಖಾಸಗಿ ಪತ್ರಗಳೂ ಇರುತ್ತವೆ. ಹಳೆಯ ಆಟವೊಂದು ಸಿಕ್ಕಿತೆಂಬ ಉತ್ಸಾಹದಲ್ಲಿ ಇಡೀ ಇಮೇಜನ್ನು ಸಾರ್ವಜನಿಕವಾಗಿ ಏರಿಸುವವರು ಅದನ್ನು ಮರೆಯುತ್ತಾರೆ.

ಫ್ಲಕ್ಸ್‌ಪ್ರಿಯ:
ಉಳಿಸಿಡುವ ವಿಷಯಕ್ಕೆ ಒಂದು ಮಾತು. ಫ್ಲಕ್ಸ್ ದಾಖಲೆ, ಅದರಿಂದ ಬಿಡಿಸಿದ ಸೆಕ್ಟರ್ ಇಮೇಜ್, ಹೊರತೆಗೆದ ಕಡತಗಳು, ಫ್ಲಾಪಿಯ ಎರಡೂ ಬದಿಯ ಚೀಟಿಯ ಚಿತ್ರ, ಇಷ್ಟನ್ನೂ ಒಂದೇ ಕಡೆ ಇಟ್ಟು ಪ್ರತಿಯೊಂದಕ್ಕೂ ಶಾ-256 ಮೊತ್ತ (ಕಡತ ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಬರೆದಿಡಿ. ಫ್ಲಕ್ಸ್ ದಾಖಲೆ ಹತ್ತಾರು ಎಂಬಿ ಆಗುತ್ತದೆಂದು ಗೊಣಗುವವರಿದ್ದಾರೆ. ಇಂದಿನ ಒಂದು ಪುಟ್ಟ ವಿಡಿಯೊಗೆ ಅದಕ್ಕಿಂತ ಹೆಚ್ಚು ಜಾಗ ಕೊಡುತ್ತೇವೆ.

ಹಳೆಪೆಟ್ಟಿಗೆ:
ಎರಡನೆಯ ಅಧ್ಯಾಯ ಇಮೇಜಿನೊಳಗೆ ತುಂಡುತುಂಡಾಗಿ ಸಿಕ್ಕಿದೆ, ಜೋಡಿಸುತ್ತಿದ್ದೇನೆ. ಕೊನೆಯ ಪ್ರಶ್ನೆ. ‘ತಿದ್ದಿದ ಪ್ರತಿ’ ಎಂದು ಚೀಟಿಯಿರುವ ಒಂದು 360 ಕೆಬಿ ಫ್ಲಾಪಿಯನ್ನು ಪರಿಚಿತರೊಬ್ಬರು ತಮ್ಮಲ್ಲಿದ್ದ 40 ಟ್ರ್ಯಾಕಿನ ಮೂಲ ಡ್ರೈವಿನಲ್ಲಿ ಓದಿಸಿ ನೋಡಿದರು. ಆರಂಭದ ಕೆಲವು ಟ್ರ್ಯಾಕುಗಳಲ್ಲಿ ಒಂದೊಂದು ಸುತ್ತಿನಲ್ಲೂ ಒಂದೊಂದು ಉತ್ತರ ಬಂತು, ಉಳಿದ ಟ್ರ್ಯಾಕುಗಳು ಚೊಕ್ಕವಾಗಿವೆ. ಮೇಲ್ಮೈಯಲ್ಲಿ ಗೀರೂ ಇಲ್ಲ, ಬೂಷ್ಟೂ ಇಲ್ಲ. ನನ್ನ ಡ್ರೈವಿನಲ್ಲಿ ಇದನ್ನು ಇನ್ನೂ ಹಾಕಿಲ್ಲ. ಡಿಸ್ಕಿನ ಆಯಸ್ಸು ಮುಗಿಯಿತೇ?

ಕಾಂತಸೂಜಿ:
ಮುಗಿದಂತೆ ಕಾಣುವುದಿಲ್ಲ. 360 ಕೆಬಿ ಡ್ರೈವ್ ಬರೆಯುವ ಟ್ರ್ಯಾಕು ಸುಮಾರು 0.33 ಮಿಲಿಮೀಟರ್ ಅಗಲ, 1.2 ಎಂಬಿ ಡ್ರೈವ್ ಬರೆಯುವುದು ಅದರ ಅರ್ಧದಷ್ಟು ಅಗಲ. ನಿಮ್ಮ ಸೋದರಮಾವನವರು ಹಳೆಯ ಕಂಪ್ಯೂಟರಿನಲ್ಲಿ ಬರೆದಿದ್ದ ಫ್ಲಾಪಿಯನ್ನೇ ಮುಂದೆ ಕೊಂಡ ಹೊಸ ಕಂಪ್ಯೂಟರಿಗೆ ಹಾಕಿ ತಿದ್ದಿರಬೇಕು. ಆಗ ತಿದ್ದಿದ ಬರಹ ನಡುವಿನಲ್ಲಿ ತೆಳುವಾಗಿ ಬಿದ್ದು, ಎರಡೂ ಅಂಚುಗಳಲ್ಲಿ ಹಳೆಯ ಬರಹದ ಪಟ್ಟಿಗಳು ಉಳಿದುಕೊಳ್ಳುತ್ತವೆ. 40 ಟ್ರ್ಯಾಕಿನ ಅಗಲವಾದ ಹೆಡ್ಡು ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಕೇಳಿಸಿಕೊಂಡು ಗೊಂದಲಕ್ಕೆ ಬೀಳುತ್ತದೆ. ನಿಮ್ಮ ಬಳಿಯಿರುವ 1.2 ಎಂಬಿ ಡ್ರೈವಿನ ಹೆಡ್ಡು ಕಿರಿದಾದ್ದರಿಂದ ಅದು ನಡುವಿನ ಪಟ್ಟಿಯನ್ನು ಮಾತ್ರ ಓದುತ್ತದೆ. ಒಂದು ಟ್ರ್ಯಾಕು ಬಿಟ್ಟು ಒಂದರಂತೆ ಹೆಜ್ಜೆ ಹಾಕುವ ಆಯ್ಕೆ ಕೊಟ್ಟು, ಐದಾರು ಸುತ್ತು ಹಿಡಿಯುವಂತೆ ಮಾಡಿ ಓದಿಸಿ. ಅದರಲ್ಲೂ ಟ್ರ್ಯಾಕು ತಡವರಿಸಿದರೆ ಬರೆದ ಡ್ರೈವಿನ ಹೆಡ್ಡು ತುಸು ಓರೆಯಾಗಿತ್ತೆಂದು ತಿಳಿದು, ಬೇರೊಂದು 1.2 ಎಂಬಿ ಡ್ರೈವ್ ಸಿಗುವ ತನಕ ಆ ಫ್ಲಾಪಿಯನ್ನು ಮತ್ತೆ ಸುತ್ತಿಸಬೇಡಿ.